ರಾಶಿಯೊಳಗಿನ ಜಾಡು

ಗೋದಿ, ಎಣ್ಣೆ, ಹಾಲು, ಸಕ್ಕರೆ, ಮೆಣಸಿನಕಾಯಿ ಪುಡಿ, ಕಾಫಿ ಬೀಜ ಮುಂತಾದವು ಆಹಾರ ಕಾರ್ಖಾನೆಯಲ್ಲಿ ಎರಡು ಬಗೆಯಲ್ಲಿ ದಾಸ್ತಾನಾಗುತ್ತವೆ. ಚೀಲ, ಡಬ್ಬ, ಪೀಪಾಯಿಗಳಲ್ಲಿ ಬಿಡಿಬಿಡಿಯಾಗಿ ಇಡುವುದು ಒಂದು ಬಗೆ. ಸೈಲೋಗಳಲ್ಲಿ, ಟ್ಯಾಂಕುಗಳಲ್ಲಿ ಸುರಿದು ಒಂದೇ ರಾಶಿಯಾಗಿ ಇಡುವುದು ಇನ್ನೊಂದು. ಚೀಲಕ್ಕೆ ಚೀಟಿ ಹೊಲಿಯಬಹುದು, ಪೀಪಾಯಿಯ ಮೇಲೆ ಅಂಕಿ ಬರೆಯಬಹುದು. ರಾಶಿಗೆ ಅದು ಸಾಧ್ಯವಿಲ್ಲ. ನೂರು ಹೊಲಗಳ ಗೋದಿ ಸೇರಿದ ಸೈಲೋದಿಂದ ಒಂದು ಹಿಡಿ ತೆಗೆದು, ಇದು ಯಾವ ಊರಿನದು, ಯಾರು ಬೆಳೆದದ್ದು, ಯಾವ ಲಾರಿಯಲ್ಲಿ ಬಂತು ಎಂದು ಕೇಳಿದರೆ ಕಾಳುಗಳಿಂದ ಉತ್ತರ ಸಿಗದು. ಉತ್ತರ ಇದ್ದರೆ ಅದು ವಹಿಯಲ್ಲಿ ಇರಬೇಕು. ಹಾಗೆ ದಾಖಲೆಯ ಮೂಲಕ ರಾಶಿಯೊಳಗಿನ ಸರಕಿನ ಜಾಡು ಹಿಡಿಯುವ ಪದ್ಧತಿ ಕಾರ್ಖಾನೆಯ ಶಿಸ್ತಾಗಿ ಬೆಳೆದದ್ದು ಕಳೆದ ನೂರು ವರ್ಷಗಳಲ್ಲಿ. ಸರಕಿನ ಗುರುತನ್ನು ಅಳಿಸುವ ಪದ್ಧತಿ ಅದಕ್ಕೂ ಹಳೆಯದು, ಮತ್ತು ಅದು ಬುದ್ಧಿಪೂರ್ವಕವಾಗಿಯೇ ಹುಟ್ಟಿಕೊಂಡದ್ದು.

ಸರಕಿನ ಮೇಲೆ ಗುರುತು ಬರೆಯುವುದು ಪ್ರಾಚೀನ ರೂಢಿ. ರೋಮ್ ನಗರದಲ್ಲಿ ಟೈಬರ್ ನದಿಗೆ ಸಮೀಪ ಮೊಂಟೆ ಟೆಸ್ಟಾಚ್ಚೊ ಎಂಬ ಗುಡ್ಡವಿದೆ. ಸುಮಾರು 35 ಮೀಟರ್ ಎತ್ತರದ ಈ ಗುಡ್ಡದಲ್ಲಿರುವುದು ಬಹುಪಾಲು ಒಡೆದ ಎಣ್ಣೆ ಹರವಿಗಳ ಚೂರು. ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಇಂದಿನ ಸ್ಪೇನಿನ ದಕ್ಷಿಣ ಭಾಗದಿಂದ ಹಡಗುಗಳಲ್ಲಿ ಬಂದ ಆಲಿವ್ ಎಣ್ಣೆಯ ಹರವಿಗಳೇ ಇದರಲ್ಲಿ ಹೆಚ್ಚು. ಒಂದೊಂದರಲ್ಲಿ ಸುಮಾರು 70 ಲೀಟರ್ ಎಣ್ಣೆ ಹಿಡಿಯುತ್ತಿತ್ತು. ಹಿಡಿಯ ಮೇಲೆ ಒತ್ತಿದ ಮುದ್ರೆ ಇರುತ್ತಿತ್ತು. ಹೆಗಲ ಮೇಲೆ ಮಸಿಯಲ್ಲಿ ಖಾಲಿ ಹರವಿಯ ತೂಕ, ಎಣ್ಣೆಯ ತೂಕ, ವ್ಯಾಪಾರಿಯ ಹೆಸರು, ರವಾನೆಯಾದ ಊರು, ಅಧಿಕಾರಿಗಳ ತಪಾಸಣೆಯ ಒಕ್ಕಣೆ, ವರ್ಷ ಇವೆಲ್ಲ ಬರೆದಿರುತ್ತಿದ್ದವು. 19ನೇ ಶತಮಾನದಲ್ಲಿ ಜರ್ಮನ್ ವಿದ್ವಾಂಸ ಹೈನ್‌ರಿಖ್ ಡ್ರೆಸೆಲ್ ಈ ಬರಹಗಳನ್ನು ಓದಿ ವರ್ಗೀಕರಿಸಿದ. ಇಂದಿನ ಕಾರ್ಖಾನೆಯೊಂದು ಎಣ್ಣೆ ಟ್ಯಾಂಕರಿನ ಬಗ್ಗೆ ಬರೆದುಕೊಳ್ಳುವ ವಿವರಗಳಲ್ಲಿ ಬಹಳಷ್ಟು ಆ ಹರವಿಯ ಹೆಗಲ ಮೇಲೆ ಆಗಲೇ ಇದ್ದವು. ಆದರೆ ರೋಮ್ ತಲುಪಿದ ಎಣ್ಣೆಯನ್ನು ಬೇರೆ ಪಾತ್ರೆಗಳಿಗೆ ಸುರಿದ ಕೂಡಲೇ ಹರವಿ ಗುಡ್ಡಕ್ಕೆ ಹೋಗುತ್ತಿತ್ತು, ಅದರೊಂದಿಗೆ ಬರಹವೂ ಹೋಗುತ್ತಿತ್ತು. ಅದು ಸುಂಕಕ್ಕಾಗಿ, ಲೆಕ್ಕಕ್ಕಾಗಿ ಮಾಡಿದ ಬರಹ. ಉಣ್ಣುವವನ ಮನೆಯವರೆಗೆ ಅದು ಬರಬೇಕೆಂದು ಯಾರೂ ಬಯಸಿರಲಿಲ್ಲ.

ಭಾರತದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ಕೋಷ್ಠಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ವಿವರಿಸುತ್ತದೆ. ದಾಸ್ತಾನಿನ ಅರ್ಧವನ್ನು ಜನಪದದ ಆಪತ್ಕಾಲಕ್ಕೆಂದು ಮೀಸಲಿಡಬೇಕು, ಉಳಿದರ್ಧವನ್ನು ಬಳಸಬೇಕು, ಹಳೆಯದರ ಜಾಗಕ್ಕೆ ಹೊಸದನ್ನು ತುಂಬುತ್ತಿರಬೇಕು ಎಂಬುದು ಅಲ್ಲಿನ ವಿಧಿ. ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯದೆ ಈ ವಿಧಿಯನ್ನು ಪಾಲಿಸಲಾಗದು. ಹಾಗಾಗಿ ಕಾಲಕ್ಕೆ ತಕ್ಕಂತೆ ಧಾನ್ಯವನ್ನು ಬೇರ್ಪಡಿಸಿ ಇಡುವ ಕ್ರಮವೂ ಅದರಲ್ಲೇ ಅಡಕವಾಗಿದೆ. ಉತ್ತರ ಕರ್ನಾಟಕದ ಹಗೇವುಗಳಲ್ಲಿ ಈ ಬೇರ್ಪಡಿಕೆ ತಾನಾಗಿಯೇ ಆಗುತ್ತಿತ್ತು. ನೆಲದೊಳಗೆ ತೋಡಿದ, ಕಿರಿದಾದ ಬಾಯಿಯ ಗುಂಡಿಯ ಒಳಮೈಗೆ ಹುಲ್ಲು ಹೊದಿಸಿ ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗಿನ ಗಾಳಿ ಕೆಟ್ಟು ಹುಳ ಬದುಕಲಾಗದು. ಅದೇ ಕೆಟ್ಟ ಗಾಳಿ ಮನುಷ್ಯನನ್ನೂ ಕೊಲ್ಲುತ್ತಿದ್ದುದರಿಂದ, ಬಾಯಿ ತೆರೆದ ಮೇಲೆ ದೀಪ ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಒಮ್ಮೆ ತೆರೆದ ಹಗೇವನ್ನು ಸಾಮಾನ್ಯವಾಗಿ ಪೂರ್ತಿ ಬರಿದು ಮಾಡುತ್ತಿದ್ದರು. ಒಂದು ಮನೆತನದ, ಒಂದು ಸುಗ್ಗಿಯ ಜೋಳ ಒಂದು ಗುಂಡಿಯಲ್ಲಿ ಇರುತ್ತಿತ್ತು. ಹಳೆಯದರ ಮೇಲೆ ಹೊಸದನ್ನು ಸುರಿಯುವ ಪ್ರಸಂಗವೇ ಕಡಿಮೆ. ಆದ್ದರಿಂದ ಅದು ರಾಶಿಯಾದರೂ ಗುರುತು ಕಳೆದುಕೊಂಡ ರಾಶಿಯಲ್ಲ.

ಗುರುತು ಕಳೆದುಕೊಂಡ ರಾಶಿ ದೊಡ್ಡ ಪ್ರಮಾಣದಲ್ಲಿ ಹುಟ್ಟಿದ್ದು ಅಮೆರಿಕದಲ್ಲಿ. 1780ರ ದಶಕದಲ್ಲಿ ಆಲಿವರ್ ಇವಾನ್ಸ್ ಎಂಬಾತ ಹಿಟ್ಟಿನ ಗಿರಣಿಗಾಗಿ ಪಟ್ಟಿಗೆ ಸಾಲು ಬಕೆಟ್ ಕಟ್ಟಿ ಕಾಳನ್ನು ಮೇಲಕ್ಕೆತ್ತುವ ಯಂತ್ರವನ್ನು ರೂಪಿಸಿದ್ದ. 1842ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಬಂದರಿನಲ್ಲಿ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿ ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರನ ನೆರವಿನಿಂದ ಅದನ್ನು ಉಗಿಯಂತ್ರಕ್ಕೆ ಜೋಡಿಸಿ, ಹಡಗಿನ ಹೊಟ್ಟೆಯಿಂದ ಧಾನ್ಯವನ್ನು ಎತ್ತಿ ಎತ್ತರದ ಉಗ್ರಾಣಕ್ಕೆ ಸುರಿಯುವ ವ್ಯವಸ್ಥೆ ಕಟ್ಟಿದ. ಎಲಿವೇಟರ್ ಎಂಬ ಹೆಸರು ಯಂತ್ರದಿಂದ ಇಡೀ ಕಟ್ಟಡಕ್ಕೇ ಅಂಟಿಕೊಂಡಿತು. ಕೂಲಿಗಳು ಬೆನ್ನ ಮೇಲೆ ಚೀಲ ಹೊತ್ತು ದಿನಗಟ್ಟಲೆ ಇಳಿಸುತ್ತಿದ್ದ ಸರಕು ಕೆಲವೇ ಗಂಟೆಗಳಲ್ಲಿ ಇಳಿಯತೊಡಗಿತು.

ಶಿಕಾಗೋ ನಗರ ಈ ವಿದ್ಯೆಯನ್ನು ಅಪ್ಪಿಕೊಂಡ ರೀತಿಯೇ ಬೇರೆ. 1848ರಲ್ಲಿ ಅಲ್ಲಿಗೆ ಕಾಲುವೆ ಬಂತು, ಅದೇ ವರ್ಷ ವ್ಯಾಪಾರಿಗಳ ಸಂಘವಾದ ಬೋರ್ಡ್ ಆಫ್ ಟ್ರೇಡ್ ಸ್ಥಾಪನೆಯಾಯಿತು, ಹಿಂದೆಯೇ ರೈಲು ಬಂತು. ಅಲ್ಲಿಯವರೆಗೆ ಗೋದಿ ಚೀಲದಲ್ಲಿ ಪ್ರಯಾಣ ಮಾಡುತ್ತಿತ್ತು. ರೈತ ತುಂಬಿದ ಚೀಲ ಎಷ್ಟು ಕೈ ಬದಲಾದರೂ ಅವನದೇ ಚೀಲವಾಗಿ, ಕೊನೆಗೆ ಮಾರಾಟವಾಗುವವರೆಗೂ ಅವನದೇ ಸ್ವತ್ತಾಗಿ ಉಳಿಯುತ್ತಿತ್ತು. ಹಡಗು ಮುಳುಗಿದರೆ ನಷ್ಟವೂ ಅವನದೇ. ಎಲಿವೇಟರಿನ ಆರ್ಥಿಕತೆಗೆ ಇದು ಒಗ್ಗಲಿಲ್ಲ. ಒಬ್ಬೊಬ್ಬ ರೈತನ ಹತ್ತು ಚೀಲ ಗೋದಿಗೆ ಒಂದೊಂದು ಕೋಠಿ ಮೀಸಲಿಟ್ಟರೆ ಕಟ್ಟಡ ಮುಕ್ಕಾಲು ಖಾಲಿ ಇರುತ್ತದೆ. ಎಲ್ಲರದನ್ನೂ ಬೆರೆಸಿದರೆ ಮಾತ್ರ ಯಂತ್ರಕ್ಕೂ ಕಟ್ಟಡಕ್ಕೂ ಹಾಕಿದ ಹಣ ದುಡಿಯುತ್ತದೆ. ಬೆರೆಸಿದ ಮೇಲೆ ತನ್ನದೇ ಗೋದಿಯನ್ನು ವಾಪಸ್ ಕೇಳುವ ಹಕ್ಕು ರೈತನಿಗೆ ಉಳಿಯದು.

1856ರಲ್ಲಿ ಬೋರ್ಡ್ ಆಫ್ ಟ್ರೇಡ್ ಗೋದಿಯನ್ನು ಬಿಳಿ ಚಳಿಗಾಲದ ಗೋದಿ, ಕೆಂಪು ಚಳಿಗಾಲದ ಗೋದಿ, ವಸಂತದ ಗೋದಿ ಎಂದು ಮೂರು ವರ್ಗಗಳಾಗಿ ಗೊತ್ತುಮಾಡಿತು. ಮುಂದಿನ ವರ್ಷಗಳಲ್ಲಿ ಪ್ರತಿ ವರ್ಗದೊಳಗೂ ದರ್ಜೆಗಳು ಬಂದವು. ರೈತನಿಗೆ ಸಿಗುತ್ತಿದ್ದ ರಸೀದಿಯ ಅರ್ಥವೇ ಬದಲಾಯಿತು. ಅದು ಇನ್ನು ಅವನು ತಂದ ಗೋದಿಯ ರಸೀದಿಯಲ್ಲ. ಅಷ್ಟೇ ತೂಕದ, ಅದೇ ದರ್ಜೆಯ ಯಾವುದೇ ಗೋದಿಯನ್ನು ಪಡೆಯುವ ಹಕ್ಕುಪತ್ರ. ಆ ಕಾಗದ ಕೈಯಿಂದ ಕೈಗೆ ನೋಟಿನಂತೆ ಓಡಾಡತೊಡಗಿತು. ಇನ್ನೂ ಕೊಯ್ಲಾಗದ ಗೋದಿಯನ್ನು ಮುಂದಿನ ತಿಂಗಳಿಗೆಂದು ಮಾರುವ ವಾಯಿದಾ ವ್ಯಾಪಾರಕ್ಕೆ ಬೋರ್ಡ್ 1865ರಲ್ಲಿ ನಿಯಮಗಳನ್ನು ಮಾಡಿತು. ಯಾರ ಹೊಲದ್ದು ಎಂಬ ಪ್ರಶ್ನೆ ಜೀವಂತವಾಗಿ ಇದ್ದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ಆಧುನಿಕ ಸರಕು ಮಾರುಕಟ್ಟೆ ನಿಂತಿರುವುದು ಮೂಲವನ್ನು ಮರೆಯುವುದರ ಮೇಲೆಯೇ, ಮತ್ತು ಆ ಮರೆವಿನಿಂದ ಕೋಟ್ಯಂತರ ಜನರಿಗೆ ಅಗ್ಗದ ರೊಟ್ಟಿ ಸಿಕ್ಕಿತೆಂಬುದೂ ನಿಜ.

ಕಳೆದದ್ದೂ ಸಣ್ಣದಲ್ಲ. ಕಸ ಕಡ್ಡಿ ಆರಿಸಿ, ಚೆನ್ನಾಗಿ ಒಣಗಿಸಿ ತಂದವನ ಗೋದಿ ಮತ್ತು ದರ್ಜೆಯ ಗಡಿಯನ್ನು ಹೇಗೋ ದಾಟಿದವನ ಗೋದಿ ಒಂದೇ ಕೋಠಿಗೆ ಬಿದ್ದು ಒಂದೇ ಬೆಲೆ ಪಡೆದವು. ಎಲಿವೇಟರ್ ಮಾಲೀಕರು ಈ ಗಡಿಯಲ್ಲೇ ಲಾಭ ಕಂಡುಕೊಂಡರು. ಮೇಲ್ದರ್ಜೆಯ ಗೋದಿಗೆ ಕೆಳದರ್ಜೆಯದನ್ನು, ದರ್ಜೆ ಕೆಡದಷ್ಟು ಮಾತ್ರ, ಬೆರೆಸಿ ಎಲ್ಲವನ್ನೂ ಮೇಲ್ದರ್ಜೆಯ ಬೆಲೆಗೆ ಮಾರಿದರು. ಕೋಠಿಯೊಳಗೆ ನಿಜವಾಗಿ ಎಷ್ಟಿದೆ ಎಂಬುದೂ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಮನ್ ಮತ್ತು ಸ್ಕಾಟ್ ಎಂಬ ದೊಡ್ಡ ಸಂಸ್ಥೆ ಕೋಠಿಯ ಮೇಲ್ಭಾಗದಲ್ಲಿ ಸುಳ್ಳು ತಳ ಕೂರಿಸಿ ಅದರ ಮೇಲೆ ಗೋದಿ ಹರಡಿ ತುಂಬಿದಂತೆ ತೋರಿಸಿದ್ದು 1872ರಲ್ಲಿ ಬಯಲಾಯಿತು. ಸಂಸ್ಥೆ ದಿವಾಳಿಯಾಯಿತು, ಪಾಲುದಾರರನ್ನು ಬೋರ್ಡ್ ಹೊರಹಾಕಿತು. ಅಷ್ಟರಲ್ಲಿ ರೈತರ ಸಿಟ್ಟಿನಿಂದಾಗಿ ಇಲಿನಾಯ್ ರಾಜ್ಯ 1871ರಲ್ಲಿ ಉಗ್ರಾಣಗಳ ಮೇಲೆ ಕಾಯಿದೆ ತಂದಿತ್ತು. ಖಾಸಗಿ ಉಗ್ರಾಣವಾದರೂ ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದಾದ್ದರಿಂದ ಸರ್ಕಾರ ಅದನ್ನು ನಿಯಂತ್ರಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1877ರಲ್ಲಿ ಅದೇ ಮನ್‌ನ ಹೆಸರಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆದರೆ ಕಾಯಿದೆ ಕಾಪಾಡಿದ್ದು ತೂಕವನ್ನು, ದರ್ಜೆಯನ್ನು, ರಸೀದಿಯನ್ನು. ಹೊಲದ ಗುರುತು ಮರಳಿ ಬರಲಿಲ್ಲ.

ಭಾರತ ಬಹುಕಾಲ ಗೋಣಿಚೀಲವನ್ನೇ ನೆಚ್ಚಿಕೊಂಡಿತ್ತು. 1965ರ ಜನವರಿಯಲ್ಲಿ ಕೆಲಸ ಆರಂಭಿಸಿದ ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ಹೆಚ್ಚಾಗಿ ಚೀಲಗಳ ಅಟ್ಟಿಗಳಲ್ಲೇ ಉಳಿದಿದೆ. ಪ್ರತಿ ಅಟ್ಟಿಗೂ ಒಂದು ಕಾರ್ಡು, ಅದರಲ್ಲಿ ಸರಕು, ಬೆಳೆಯ ವರ್ಷ, ಬಂದ ದಿನ, ಔಷಧಿ ಹೊಡೆದ ದಿನಗಳ ನಮೂದು. ಈ ಪದ್ಧತಿ ನಿಧಾನ, ಕೂಲಿ ಹೆಚ್ಚು, ಇಲಿ ಹೆಗ್ಗಣಗಳ ಕಾಟವೂ ಉಂಟು. ಆದರೂ ಒಂದು ಅಟ್ಟಿ ಕೆಟ್ಟರೆ ಆ ಅಟ್ಟಿಯನ್ನಷ್ಟೇ ತೆಗೆದಿಡಬಹುದೆಂಬ ಅನುಕೂಲವನ್ನು ಹಗುರವಾಗಿ ಕಾಣುವಂತಿಲ್ಲ. ಹಾಲಿನಲ್ಲಿ ಇದೇ ಬದಲಾವಣೆ ಕರ್ನಾಟಕದ ಹಳ್ಳಿಗಳ ಕಣ್ಣೆದುರೇ ನಡೆಯಿತು. ಹಾಲು ಉತ್ಪಾದಕರ ಸಂಘದ ಕ್ಯಾನುಗಳು ಸಂಘದ ಗುರುತು ಹೊತ್ತು ಡೇರಿಗೆ ಹೋಗುತ್ತಿದ್ದಾಗ ಯಾವ ಊರಿನ ಹಾಲು ಹುಳಿಯಾಯಿತೆಂದು ಡೇರಿಯ ಬಾಗಿಲಲ್ಲೇ ತಿಳಿಯುತ್ತಿತ್ತು. ಹಳ್ಳಿಗಳಲ್ಲಿ ಶೀತಲೀಕರಣ ಘಟಕಗಳು ಬಂದ ಮೇಲೆ ಹಾಲು ಕೆಡುವುದು ಕಡಿಮೆಯಾಯಿತು. ಜೊತೆಗೆ ಹಲವು ಊರುಗಳ ಹಾಲು ಒಂದೇ ಟ್ಯಾಂಕರಿನಲ್ಲಿ ಬೆರೆಯಿತು. ಪರೀಕ್ಷೆಯನ್ನು ಡೇರಿಯ ಬಾಗಿಲಿಂದ ಹಳ್ಳಿಯ ಬಾಗಿಲಿಗೆ ತರುವುದು ಆಗ ಅನಿವಾರ್ಯವಾಯಿತು.

ಕಾರ್ಖಾನೆಯೊಳಗಿನ ಸೈಲೋ ಈ ಕಥೆಗೆ ಭೌತಶಾಸ್ತ್ರವನ್ನು ತಂದಿತು. ಸೈಲೋದಲ್ಲಿ ತುಂಬಿದ ಕಾಳು ನೀರಿನಂತೆ ವರ್ತಿಸುವುದಿಲ್ಲ, ಅದರ ಭಾರದ ಬಹುಪಾಲನ್ನು ಗೋಡೆಗಳು ಹೊರುತ್ತವೆ ಎಂಬುದನ್ನು ಜರ್ಮನಿಯ ಯಾನ್ಸೆನ್ 1895ರಲ್ಲಿ ಸೂತ್ರವಾಗಿ ಬರೆದ. ಕಾಳು ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆಗೆ ವ್ಯವಸ್ಥಿತ ಉತ್ತರ ಬರಲು 1960ರ ದಶಕ ಬರಬೇಕಾಯಿತು. ಪೋಲೆಂಡ್ ಮೂಲದ ಆಂಡ್ರ್ಯೂ ಜೆನಿಕೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ 1961 ಮತ್ತು 1964ರಲ್ಲಿ ಪ್ರಕಟಿಸಿದ ಎರಡು ವರದಿಗಳು ಇಂದಿಗೂ ಸೈಲೋ ವಿನ್ಯಾಸಕ್ಕೆ ಆಧಾರ. ಇಳಿಯುವ ಬಗೆ ಎರಡು ಎಂದು ಆತ ವಿಂಗಡಿಸಿದ. ತಳದ ಆಲಿಕೆ ಕಡಿದಾಗಿದ್ದು ನುಣುಪಾಗಿದ್ದರೆ ಇಡೀ ರಾಶಿ ಒಟ್ಟಿಗೆ ಜಾರುತ್ತದೆ, ಮೊದಲು ಬಂದದ್ದು ಮೊದಲು ಹೊರಬೀಳುತ್ತದೆ. ಆಲಿಕೆ ಓರೆ ಸಾಲದಿದ್ದರೆ ನಡುವಿನಲ್ಲಿ ಮಾತ್ರ ಒಂದು ಕೊಳವೆಯಂತೆ ಹರಿವು ಉಂಟಾಗಿ, ನಿನ್ನೆ ಮೇಲೆ ಸುರಿದದ್ದು ಇಂದೇ ಕೆಳಗೆ ಬರುತ್ತದೆ. ಗೋಡೆಗೆ ಅಂಟಿದ ಹಳೆಯ ಸರಕು ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ.

ಜಾಡಿನ ದೃಷ್ಟಿಯಿಂದ ಇದರ ಪರಿಣಾಮ ದೊಡ್ಡದು. ಎರಡನೆಯ ಬಗೆಯ ಸೈಲೋದಲ್ಲಿ ಸರಕು ಬಂದ ತಾರೀಖಿನ ಪಟ್ಟಿ ಎಷ್ಟೇ ಶುದ್ಧವಾಗಿದ್ದರೂ, ಹೊರಬಿದ್ದ ಹಿಟ್ಟು ಯಾವ ತಾರೀಖಿನದೆಂದು ಅದು ಹೇಳಲಾರದು. ವಹಿ ಮೊದಲು ಬಂದದ್ದು ಮೊದಲು ಹೋಯಿತೆನ್ನುತ್ತದೆ, ಸೈಲೋ ಬೇರೆಯೇ ಮಾಡಿರುತ್ತದೆ. ಎಣ್ಣೆ, ಹಾಲು, ಸಕ್ಕರೆ ಪಾಕದಂಥ ದ್ರವಗಳ ಲೆಕ್ಕ ಇನ್ನೊಂದು ಬಗೆ. ಟ್ಯಾಂಕಿನ ತಳದಲ್ಲಿ ಉಳಿದದ್ದರ ಮೇಲೆ ಹೊಸದು ಬಿದ್ದು ಕಲಕಿಹೋಗುತ್ತದೆ. ಪ್ರತಿ ಸಲ ಅರ್ಧ ಟ್ಯಾಂಕು ಖಾಲಿ ಮಾಡಿ ಮತ್ತೆ ತುಂಬಿದರೆ, ಐದು ಸಲದ ನಂತರ ಮೊದಲಿನ ಎಣ್ಣೆಯ 32ರಲ್ಲಿ ಒಂದು ಪಾಲು, ಹತ್ತು ಸಲದ ನಂತರ 1,024ರಲ್ಲಿ ಒಂದು ಪಾಲು ಇನ್ನೂ ಒಳಗಿರುತ್ತದೆ. ಪೂರ್ತಿ ಬರಿದು ಮಾಡಿ ತೊಳೆಯುವವರೆಗೂ ಅದು ಸೊನ್ನೆಯಾಗದು. ಕೆಲವು ದೋಷಗಳು ಹೀಗೆ ತೆಳುವಾಗಿ ನಿರುಪದ್ರವಿಯಾಗುತ್ತವೆ. ರೋಗಾಣು ಹಾಗಲ್ಲ, ಅನುಕೂಲ ಸಿಕ್ಕರೆ ಅದು ಮತ್ತೆ ಬೆಳೆಯುತ್ತದೆ. ಶೇಂಗಾದ ಅಲರ್ಜಿ ಇರುವವರಿಗೆ ಸಾವಿರದ ಒಂದು ಪಾಲೂ ಅಪಾಯ ತರಬಹುದು. ಆದ್ದರಿಂದ ಸೈಲೋ ಅಥವಾ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ತೊಳೆದ ದಿನವೇ ಜಾಡಿನ ಲೆಕ್ಕದಲ್ಲಿ ಗಡಿಕಲ್ಲು. ಒಂದು ತೊಳೆತದಿಂದ ಮುಂದಿನ ತೊಳೆತದವರೆಗೆ ಒಳಗೆ ಬಂದದ್ದೆಲ್ಲವೂ ಹೊರಗೆ ಹೋದದ್ದೆಲ್ಲದರಲ್ಲೂ ಇರಬಹುದೆಂದು ಭಾವಿಸಬೇಕಾಗುತ್ತದೆ. ಮೂರು ತಿಂಗಳಿಗೊಮ್ಮೆ ತೊಳೆಯುವ ಕಾರ್ಖಾನೆ ಒಂದು ಕೆಟ್ಟ ಟ್ಯಾಂಕರಿಗಾಗಿ ಮೂರು ತಿಂಗಳ ಮಾಲನ್ನು ಹಿಂದಕ್ಕೆ ಕರೆಸಬೇಕು, ವಾರಕ್ಕೊಮ್ಮೆ ತೊಳೆಯುವುದು ಒಂದು ವಾರದ್ದನ್ನು.

ಸಿದ್ಧ ಮಾಲಿನ ಮೇಲೆ ಅಂಕಿ ಒತ್ತುವುದು ಡಬ್ಬಿ ಆಹಾರದ ಉದ್ಯಮದಲ್ಲಿ ಬೇಗ ಬಲವಾಯಿತು, ಏಕೆಂದರೆ ಅಲ್ಲಿ ತಪ್ಪಿಗೆ ಸಾವೇ ದಂಡ. 1919ರಲ್ಲಿ ಕ್ಯಾಲಿಫೋರ್ನಿಯಾದ ಆಲಿವ್ ಕಾಯಿಗಳನ್ನು ತಿಂದು ಒಹಾಯೊ ಮುಂತಾದೆಡೆ ಜನ ಬಾಟುಲಿಸಂ ವಿಷದಿಂದ ಸತ್ತ ಮೇಲೆ ಕ್ಯಾಲಿಫೋರ್ನಿಯಾ 1925ರಲ್ಲಿ ಡಬ್ಬಿ ಕಾರ್ಖಾನೆಗಳ ತಪಾಸಣೆಯ ಕಾಯಿದೆ ಮಾಡಿತು. 1971ರಲ್ಲಿ ಬಾನ್ ವಿವಾಂಟ್ ಎಂಬ ಸಂಸ್ಥೆಯ ಸೂಪು ಅದೇ ವಿಷದಿಂದ ಒಬ್ಬನನ್ನು ಕೊಂದಿತು. ಕೊನೆಗೆ ಆ ಸಂಸ್ಥೆಯ ಎಲ್ಲ ಡಬ್ಬಿಗಳನ್ನೂ ಹಿಂದಕ್ಕೆ ಕರೆಸಬೇಕಾಯಿತು, ಸಂಸ್ಥೆ ಮುಳುಗಿತು. ಆಮ್ಲ ಕಡಿಮೆ ಇರುವ ಡಬ್ಬಿ ಆಹಾರಕ್ಕೆ 1973ರಲ್ಲಿ ಬಂದ ಅಮೆರಿಕದ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಕಾರ್ಖಾನೆ, ವರ್ಷ, ದಿನ, ತುಂಬಿದ ಅವಧಿಗಳನ್ನು ತಿಳಿಸುವ ಗುರುತು ಇರಲೇಬೇಕಾಯಿತು. ಇದೇ ಕಾಲದಲ್ಲಿ ಬಾಹ್ಯಾಕಾಶ ಯಾತ್ರಿಗಳ ಆಹಾರಕ್ಕಾಗಿ ನಾಸಾ ಜೊತೆ ಪಿಲ್ಸ್‌ಬರಿ ಸಂಸ್ಥೆ ರೂಪಿಸಿದ ಪದ್ಧತಿ ಇನ್ನೊಂದು ತುದಿಯಿಂದ ಕೆಲಸ ಮಾಡಿತು. ಕೊನೆಯ ಮಾಲನ್ನು ಪರೀಕ್ಷಿಸುವುದರ ಬದಲು ಕಚ್ಚಾ ಪದಾರ್ಥದಿಂದ ಹಿಡಿದು ಅಪಾಯದ ಪ್ರತಿ ಘಟ್ಟವನ್ನೂ ಕಾಯುವುದು, ಪ್ರತಿಯೊಂದನ್ನೂ ಬರೆದಿಡುವುದು ಅದರ ತಿರುಳು. ಹ್ಯಾಸಪ್ ಎಂಬ ಹೆಸರಿನಲ್ಲಿ ಅದು ಇಂದು ಭಾರತದ ಆಹಾರ ಕಾರ್ಖಾನೆಗಳಲ್ಲೂ ಚಾಲ್ತಿಯಲ್ಲಿದೆ.

ಡಬ್ಬಿಯ ಮೇಲಿನ ಅಂಕಿ ಡಬ್ಬಿ ತುಂಬಿದ ದಿನವನ್ನಷ್ಟೇ ಹೇಳುತ್ತದೆ. ಅದರೊಳಗಿನ ಹಿಟ್ಟು, ಎಣ್ಣೆ, ಮೊಟ್ಟೆ ಎಲ್ಲಿಂದ ಬಂತೆಂಬ ಕೊಂಡಿ ಸಡಿಲವಾಗಿಯೇ ಉಳಿದಿತ್ತು. 1994ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಮಾರ್ಷಲ್ ಎಂಬ ಊರಿನ ಐಸ್‌ಕ್ರೀಂ ಕಾರ್ಖಾನೆಯ ಮಾಲು ತಿಂದು ಹಲವು ರಾಜ್ಯಗಳಲ್ಲಿ ಜನ ಸಾಲ್ಮೊನೆಲ್ಲಾದಿಂದ ಹಾಸಿಗೆ ಹಿಡಿದರು. ಒಟ್ಟು 2,24,000 ಮಂದಿಗೆ ತಗಲಿರಬೇಕೆಂದು ಸಂಶೋಧಕರು ಅಂದಾಜು ಮಾಡಿದರು. ಕಾರ್ಖಾನೆಗೆ ಬರುತ್ತಿದ್ದ ಐಸ್‌ಕ್ರೀಂ ಮಿಶ್ರಣ ಪಾಶ್ಚರೀಕರಣಗೊಂಡದ್ದೇ. ಆದರೆ ಅದನ್ನು ಹೊತ್ತ ಟ್ಯಾಂಕರುಗಳು ಅದಕ್ಕೆ ಮುಂಚೆ ಪಾಶ್ಚರೀಕರಿಸದ ಮೊಟ್ಟೆಯ ದ್ರವವನ್ನು ಹೊತ್ತಿದ್ದವು. ಅಲ್ಲಿಂದಾಚೆಗೆ ಟ್ಯಾಂಕರು ಹಿಂದೆ ಏನು ಹೊತ್ತಿತ್ತು, ಯಾವಾಗ ತೊಳೆದರು ಎಂಬುದೂ ಪದಾರ್ಥದ ಜಾಡಿನ ಭಾಗವೆಂದು ಎಣಿಸತೊಡಗಿದರು.

1999ರ ಜನವರಿಯಲ್ಲಿ ಬೆಲ್ಜಿಯಂನಲ್ಲಿ ಕೊಬ್ಬು ಕರಗಿಸುವ ಸಂಸ್ಥೆಯೊಂದರ ಕೊಬ್ಬಿಗೆ ವಿದ್ಯುತ್ ಪರಿವರ್ತಕಗಳ ಹಳೆಯ ಎಣ್ಣೆ ಬೆರೆಯಿತು. ಆ ಎಣ್ಣೆಯಲ್ಲಿ ಪಿಸಿಬಿ ಮತ್ತು ಡಯಾಕ್ಸಿನ್ ವಿಷಗಳಿದ್ದವು. ಆ ಕೊಬ್ಬು ಪಶು ಆಹಾರದ ಕಾರ್ಖಾನೆಗಳಿಗೆ ಹೋಯಿತು, ಸುಮಾರು 500 ಟನ್ ಮೇವು ಕೆಟ್ಟಿತು, ಮೇವು ಕೋಳಿ ಮತ್ತು ಹಂದಿ ಸಾಕಣೆಗಳಿಗೆ ಹರಡಿತು. ಕೋಳಿಗಳು ಮೊದಲು ಸುಳಿವು ಕೊಟ್ಟವು. ಮೊಟ್ಟೆಗಳು ಮರಿಯಾಗಲಿಲ್ಲ, ಹುಟ್ಟಿದ ಮರಿಗಳು ತಡವರಿಸಿದವು. ಕಾರಣ ಗೊತ್ತಾಗಲು ತಿಂಗಳುಗಳೇ ಹಿಡಿದವು. ಯಾವ ಸಾಕಣೆಗೆ ಯಾವ ಮೇವು ಹೋಗಿದೆಯೆಂದು ಖಚಿತವಾಗಿ ಹೇಳಲಾಗದೆ, ಕೆಡದ ಸಾವಿರಾರು ಸಾಕಣೆಗಳ ಮಾಲನ್ನೂ ತಡೆಹಿಡಿಯಬೇಕಾಯಿತು. ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟರು, ಜೂನ್ ಚುನಾವಣೆಯಲ್ಲಿ ಸರ್ಕಾರವೇ ಸೋತಿತು.

ಶಿಕಾಗೋ ಕಟ್ಟಿದ ವ್ಯವಸ್ಥೆಯ ಮಿತಿ ಮರುವರ್ಷ ಬಯಲಾಯಿತು. ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮೆಕ್ಕೆಜೋಳಕ್ಕೆ ಅಮೆರಿಕದಲ್ಲಿ ಪಶು ಆಹಾರವಾಗಿ ಮಾತ್ರ ಅನುಮತಿ ಇತ್ತು. ಮನುಷ್ಯರಿಗೆ ಅಲರ್ಜಿ ಉಂಟುಮಾಡಬಹುದೆಂಬ ಶಂಕೆ ಬಗೆಹರಿದಿರಲಿಲ್ಲ. 2000ದ ಸೆಪ್ಟೆಂಬರಿನಲ್ಲಿ ಅದರ ಅಂಶ ಅಂಗಡಿಯ ಟಾಕೊ ಚಿಪ್ಪುಗಳಲ್ಲಿ ಪತ್ತೆಯಾಯಿತು. ದೇಶದ ಮೆಕ್ಕೆಜೋಳದ ಪ್ರದೇಶದಲ್ಲಿ ಶೇ. 1ಕ್ಕಿಂತ ಕಡಿಮೆ ಜಾಗದಲ್ಲಿ ಬೆಳೆದಿದ್ದ ತಳಿ ಅದು. ಎಲಿವೇಟರುಗಳಲ್ಲಿ ಬೆರೆತು ಎಲ್ಲೆಡೆ ಹರಡಿದ್ದರಿಂದ 300ಕ್ಕೂ ಹೆಚ್ಚು ಆಹಾರ ಪದಾರ್ಥಗಳನ್ನು ಹಿಂದಕ್ಕೆ ಪಡೆಯಬೇಕಾಯಿತು, ರಫ್ತು ಕುಸಿಯಿತು. 1856ರಲ್ಲಿ ದರ್ಜೆ ಒಂದಿದ್ದರೆ ಸಾಕು ಎಂದು ಒಪ್ಪಿಕೊಂಡದ್ದು, ದರ್ಜೆಯಲ್ಲಿ ಕಾಣದ ಗುಣವೇ ಮುಖ್ಯವಾದಾಗ ಸಾಲದಾಯಿತು.

ಐರೋಪ್ಯ ಒಕ್ಕೂಟ 2002ರ ಜನವರಿಯಲ್ಲಿ 178ನೇ ನಿಯಮಾವಳಿಯನ್ನು ತಂದಿತು. ಅದರ 18ನೇ ಕಲಮಿನ ಪ್ರಕಾರ ಪ್ರತಿ ವ್ಯಾಪಾರಿಯೂ ಒಂದು ಹೆಜ್ಜೆ ಹಿಂದಿನವನನ್ನು ಮತ್ತು ಒಂದು ಹೆಜ್ಜೆ ಮುಂದಿನವನನ್ನು ಹೆಸರಿಸಬಲ್ಲವನಾಗಿರಬೇಕು. ಇದು 2005ರ ಜನವರಿ 1ರಿಂದ ಜಾರಿಗೆ ಬಂತು. ರಾಶಿಯ ದೃಷ್ಟಿಯಿಂದ ಇನ್ನೂ ಮುಖ್ಯವಾದದ್ದು 14ನೇ ಕಲಮು. ಒಂದು ಬ್ಯಾಚಿನ ಒಂದು ಭಾಗ ಅಪಾಯಕಾರಿಯೆಂದು ಕಂಡರೆ, ಬೇರೆ ರುಜುವಾತು ಸಿಗುವವರೆಗೆ ಇಡೀ ಬ್ಯಾಚು ಅಪಾಯಕಾರಿಯೇ ಎಂದು ಅದು ಹೇಳಿತು. ಬ್ಯಾಚು ಚಿಕ್ಕದಿದ್ದಷ್ಟೂ ನಷ್ಟ ಚಿಕ್ಕದಾಗುವಂತೆ ಮಾಡಿದ್ದು ಈ ಮಾತೇ. ಆ ಮೇಲೆ ಒಂದು ದೊಡ್ಡ ಸೈಲೋದ ಬದಲು ಎರಡು ಚಿಕ್ಕವನ್ನು ಕಟ್ಟುವ, ಒಂದು ತುಂಬುವಾಗ ಇನ್ನೊಂದನ್ನು ಬರಿದು ಮಾಡುವ ಕ್ರಮಕ್ಕೆ ಹಣಕಾಸಿನ ಸಮರ್ಥನೆಯೂ ಸಿಕ್ಕಿತು.

ನಿಯಮ ಜಾರಿಯಾದ ಎರಡನೆಯ ತಿಂಗಳಲ್ಲೇ ಬ್ರಿಟನ್ನಿನಲ್ಲಿ ನಡೆದ ಪ್ರಸಂಗಕ್ಕೆ ಭಾರತದ ನಂಟಿದೆ. ಆಹಾರದಲ್ಲಿ ನಿಷಿದ್ಧವಾದ ಸುಡಾನ್-1 ಎಂಬ ಕೆಂಪು ಬಣ್ಣ ಬೆರೆತ ಮೆಣಸಿನಕಾಯಿ ಪುಡಿ 2002ರಲ್ಲಿ ಭಾರತದಿಂದ ಅಲ್ಲಿಗೆ ಹೋಗಿತ್ತು. ಅದನ್ನು ವೂಸ್ಟರ್ ಸಾಸ್‌ನಲ್ಲಿ ಬಳಸಿದ್ದರು. ಆ ಸಾಸನ್ನು ಇತರ ಕಾರ್ಖಾನೆಗಳು ಸೂಪು, ಸಾಸೇಜು, ಪಿಜ್ಜಾ, ಸಿದ್ಧ ಊಟಗಳಿಗೆ ಪದಾರ್ಥವಾಗಿ ಕೊಂಡಿದ್ದವು. 2005ರ ಫೆಬ್ರವರಿಯಲ್ಲಿ 400ಕ್ಕೂ ಹೆಚ್ಚು ಬಗೆಯ ಮಾಲನ್ನು ಅಂಗಡಿಗಳಿಂದ ಇಳಿಸಿದರು. ಈ ಬಣ್ಣದ ಸುದ್ದಿ 2003ರಲ್ಲೇ ಯೂರೋಪಿನಲ್ಲಿ ಎದ್ದಾಗ ಭಾರತದ ಸಂಬಾರ ಮಂಡಳಿ ರಫ್ತಾಗುವ ಮೆಣಸಿನಕಾಯಿಗೆ ಪರೀಕ್ಷೆ ಕಡ್ಡಾಯ ಮಾಡಿತ್ತು. ಹೆಚ್ಚು ಖಾರವಿಲ್ಲದೆ ಕಡುಗೆಂಪು ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿಯಂಥ ತಳಿಗಳಿಗೆ ಈ ಕಲಬೆರಕೆ ನೇರ ಏಟು, ಏಕೆಂದರೆ ಅವು ಬೆಳೆಸಿ ಕೊಡುವ ಬಣ್ಣವನ್ನೇ ಅದು ಅಗ್ಗದಲ್ಲಿ ನಕಲು ಮಾಡುತ್ತದೆ. ಕರ್ನಾಟಕದ ಮಾರುಕಟ್ಟೆ ಪ್ರಾಂಗಣಗಳಲ್ಲಿ ರೈತ ತಂದ ಮಾಲಿಗೆ ಈಗ ಲಾಟ್ ಸಂಖ್ಯೆ ಬೀಳುತ್ತದೆ, ಟೆಂಡರು ಆ ಸಂಖ್ಯೆಯ ಮೇಲೆಯೇ ನಡೆಯುತ್ತದೆ. ಆದರೆ ಖರೀದಿದಾರ ಹತ್ತಾರು ಲಾಟುಗಳನ್ನು ಒಟ್ಟು ಮಾಡಿ ಪುಡಿ ಕಾರ್ಖಾನೆಗೆ ಕಳಿಸಿದಾಗ ಆ ಸಂಖ್ಯೆಗಳೂ ಜೊತೆಗೆ ಹೋಗುತ್ತವೆಯೇ ಎಂಬುದರ ಮೇಲೆ ಜಾಡಿನ ಬೆಲೆ ನಿಂತಿದೆ.

ಹಿಂದೊಂದು ಹೆಜ್ಜೆ, ಮುಂದೊಂದು ಹೆಜ್ಜೆ ಎಂಬ ಸರಪಳಿ ಎಷ್ಟು ಗಟ್ಟಿ ಎಂಬುದನ್ನು ಅಮೆರಿಕದ ಆರೋಗ್ಯ ಇಲಾಖೆಯ ಮಹಾನಿರೀಕ್ಷಕರು 2009ರಲ್ಲಿ ಪರೀಕ್ಷಿಸಿ ನೋಡಿದರು. ಅಂಗಡಿಯಲ್ಲಿ ಕೊಂಡ 40 ಪದಾರ್ಥಗಳಲ್ಲಿ 5ನ್ನು ಮಾತ್ರ ಪ್ರತಿ ಹಂತವನ್ನೂ ದಾಟಿ ಮೂಲದವರೆಗೆ ಹಿಂಬಾಲಿಸಲು ಅವರಿಗೆ ಸಾಧ್ಯವಾಯಿತು. ಹಲವೆಡೆ ಲಾಟ್ ಸಂಖ್ಯೆಯನ್ನೇ ಬರೆದಿಟ್ಟಿರಲಿಲ್ಲ, ಹಲವೆಡೆ ಬೇರೆ ಬೇರೆ ಮೂಲದ ಸರಕು ಬೆರೆತುಹೋಗಿತ್ತು. 2008-09ರಲ್ಲಿ ಜಾರ್ಜಿಯಾ ರಾಜ್ಯದ ಶೇಂಗಾ ಸಂಸ್ಕರಣಾ ಸಂಸ್ಥೆಯೊಂದರ ಮಾಲಿನಿಂದ 9 ಜನ ಸತ್ತಿದ್ದರು. ಅದು ಶೇಂಗಾ ಪೇಸ್ಟನ್ನು ಸಗಟಾಗಿ ಇತರ ಕಾರ್ಖಾನೆಗಳಿಗೆ ಮಾರುತ್ತಿದ್ದುದರಿಂದ ಸಾವಿರಾರು ಬಗೆಯ ತಿಂಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2011ರ ಅಮೆರಿಕದ ಹೊಸ ಆಹಾರ ಸುರಕ್ಷತಾ ಕಾಯಿದೆಯ ಹಿಂದೆ ಈ ಸಾವುಗಳಿವೆ. ಭಾರತದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 28ನೇ ಕಲಮು ಅಸುರಕ್ಷಿತ ಆಹಾರವನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಅದರ ವಿವರವಾದ ನಿಯಮಗಳು 2017ರಲ್ಲಿ ಬಂದವು.

ಗುರುತನ್ನು ಅಳಿಸಿ ಮತ್ತೆ ಬರೆದ ಕಥೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಾಫಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿ ಬೆಲೆ ಕುಸಿದಾಗ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯಿದೆ ಬಂದು ಕಾಫಿ ಪೂಲ್ ಪದ್ಧತಿ ನೆಲೆಗೊಂಡಿತು. ಬೀಜಕ್ಕೆ, ಮನೆ ಬಳಕೆಗೆ ಬಿಟ್ಟುಕೊಂಡದ್ದನ್ನು ಕಳೆದು ಉಳಿದ ಬೆಳೆಯನ್ನೆಲ್ಲ ಬೆಳೆಗಾರ ಪೂಲಿಗೆ ಒಪ್ಪಿಸಬೇಕು. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ತೆಗೆದು, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಪ್ಲಾಂಟೇಷನ್ ಎ, ಪಿ.ಬಿ., ರೋಬಸ್ಟಾ ಚೆರಿ ಎಂದೆಲ್ಲ ದರ್ಜೆ ಮಾಡಿದ ಬೀಜವನ್ನು ಕಾಫಿ ಮಂಡಳಿ ಹರಾಜು ಹಾಕುತ್ತಿತ್ತು. ಬೆಳೆಗಾರನಿಗೆ ದರ್ಜೆಯ ಪಾಯಿಂಟುಗಳ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತಿತ್ತು. ಸಣ್ಣ ಬೆಳೆಗಾರರನ್ನು ಈ ಪದ್ಧತಿ ಬೆಲೆ ಕುಸಿತದಿಂದ ಕಾಪಾಡಿತು, ಅದನ್ನು ಮರೆಯಬಾರದು. ಆದರೆ ಹಣ್ಣನ್ನು ಸರಿಯಾಗಿ ಮಾಗಿದಾಗಲೇ ಕೊಯ್ದು, ಅದೇ ದಿನ ಪಲ್ಪ್ ಮಾಡಿ, ಕಣದಲ್ಲಿ ಜೋಪಾನವಾಗಿ ಒಣಗಿಸಿದವನ ಕಾಫಿಯ ರುಚಿ ಕೊಳ್ಳುವವನಿಗೆ ಅವನ ಹೆಸರಿನಲ್ಲಿ ತಲುಪುವ ದಾರಿ ಇರಲಿಲ್ಲ. ಬಾಬಾಬುಡನ್‌ಗಿರಿಯ ಬೀಜವೂ ಕೊಡಗಿನದೂ ದರ್ಜೆಯ ಹೆಸರಿನಲ್ಲಿ ಒಂದಾಗುತ್ತಿದ್ದವು.

1992ರಿಂದ ಬೆಳೆಯ ಒಂದು ಪಾಲನ್ನು ಬೆಳೆಗಾರರೇ ಮಾರಲು ಬಿಟ್ಟರು. ಆ ಪಾಲು ಹಂತಹಂತವಾಗಿ ಹೆಚ್ಚಿ 1996ರ ಸೆಪ್ಟೆಂಬರಿನಲ್ಲಿ ಪೂಲ್ ಪೂರ್ತಿ ಕೊನೆಯಾಯಿತು. ಆ ಮೇಲೆ ಎಸ್ಟೇಟಿನ ಹೆಸರು ಹೊತ್ತ ಕಾಫಿ ಮಾರುಕಟ್ಟೆಗೆ ಬಂತು. ಒಂದೇ ತೋಟದ, ಒಂದೇ ಕೊಯ್ಲಿನ ಲಾಟನ್ನು ಕ್ಯೂರಿಂಗಿನಲ್ಲಿ ಬೇರೆಯಾಗಿಯೇ ನಡೆಸುವುದು, ಅದಕ್ಕೆ ಮುಂಚೆ ಯಂತ್ರವನ್ನು ಬರಿದು ಮಾಡಿ ಗುಡಿಸುವುದು, ಚೀಲದ ಮೇಲೆ ಲಾಟ್ ಗುರುತು ಬರೆಯುವುದು ಇವಕ್ಕೆ ಮೊದಲ ಬಾರಿಗೆ ಬೆಲೆ ಸಿಕ್ಕಿತು. ಈ ಕೆಲಸಕ್ಕೆ ಸಾವು ನೋವಿನ ಒತ್ತಾಯವಿರಲಿಲ್ಲ, ರುಚಿಯ ಬೇಡಿಕೆ ಇತ್ತು. 2019ರಲ್ಲಿ ಕಾಫಿ ಮಂಡಳಿ ಬೆಳೆಗಾರನಿಂದ ಕೊಳ್ಳುವವನವರೆಗಿನ ದಾಖಲೆಯನ್ನು ಬ್ಲಾಕ್‌ಚೈನ್ ತಂತ್ರಜ್ಞಾನದಲ್ಲಿ ಇಡುವ ಪ್ರಾಯೋಗಿಕ ಮಾರುಕಟ್ಟೆಯನ್ನೂ ಆರಂಭಿಸಿತು.

ಈಗ ಕಾನೂನೇ ಹೊಲದವರೆಗೆ ಬಂದಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ವಿರೋಧಿ ನಿಯಮಾವಳಿ ಕಾಫಿ, ಕೋಕೊ, ತಾಳೆ ಎಣ್ಣೆ, ಸೋಯಾ ಮುಂತಾದ ಏಳು ಸರಕುಗಳಿಗೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲವೆಂದು ತೋರಿಸಲು ಬೆಳೆದ ಪ್ರತಿ ತೋಟದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಮೂಲ ಗೊತ್ತಿಲ್ಲದ ಸರಕು ರಾಶಿಗೆ ಸೇರಿದರೆ ಇಡೀ ರಾಶಿಗೆ ಯೂರೋಪಿನ ಬಾಗಿಲು ಮುಚ್ಚುತ್ತದೆ. ಜಾರಿಯ ದಿನಾಂಕ ಮುಂದೆ ಹೋಗಿದೆಯಾದರೂ ಕಾಫಿ ಮಂಡಳಿ ತೋಟಗಳ ನೋಂದಣಿಗೆ ಕೈಹಾಕಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಬೆಳೆಗಾರರಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟ ಇರುವವರು. ಎಸ್ಟೇಟುಗಳಿಗೆ ಇದು ಅಷ್ಟು ಕಷ್ಟವಲ್ಲ, ಅವುಗಳ ಲಾಟು ಮೊದಲೇ ಬೇರೆಯಾಗಿ ನಡೆಯುತ್ತಿತ್ತು. ಕಷ್ಟವಿರುವುದು ಎರಡು ಮೂರು ಎಕರೆಯವರ ಕಾಫಿಯಲ್ಲಿ. ಅವರು ನಾಲ್ಕಾರು ಚೀಲ ಚೆರಿಯನ್ನು ಹತ್ತಿರದ ಪೇಟೆಯ ವ್ಯಾಪಾರಿಗೆ ಹಾಕುತ್ತಾರೆ, ಅವನು ಹಲವರದನ್ನು ಗೋದಾಮಿನಲ್ಲಿ ಒಟ್ಟು ಮಾಡಿ ಕ್ಯೂರಿಂಗ್ ವರ್ಕ್ಸ್‌ಗೆ ಲಾರಿ ಕಳಿಸುತ್ತಾನೆ. ಇನ್ನು ಮುಂದೆ ಆ ಲಾರಿಯ ಜೊತೆ ತೂಕದ ಚೀಟಿಯಷ್ಟೇ ಹೋದರೆ ಸಾಲದು, ಅದರಲ್ಲಿ ಬೆರೆತಿರಬಹುದಾದ ಪ್ರತಿ ತೋಟದ ಪಟ್ಟಿಯೂ ಹೋಗಬೇಕು.